ಮುಳುಗಿ ಸಾಯಬಹುದು, ಮುಳುಗಿ ನೋಡುವಂತಿಲ್ಲ

ನಮ್ಮ ದೇಶದಲ್ಲಿ ವರ್ಷಕ್ಕೆ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ಲೆಕ್ಕ. ಇವರಲ್ಲಿ ಪ್ರವಾಹಕ್ಕೆ ಸಿಕ್ಕವರಿದ್ದಾರೆ, ದೋಣಿ ಮಗುಚಿದವರಿದ್ದಾರೆ, ಬಟ್ಟೆ ಒಗೆಯಲು ಹೋಗಿ ಕಾಲು ಜಾರಿದವರಿದ್ದಾರೆ. ಸುಮ್ಮನೆ ಈಜೋಣವೆಂದು ಇಳಿದ ಹುಡುಗರಂತೂ ಇದ್ದೇ ಇದ್ದಾರೆ. ಆ ಹುಡುಗರು ಇಳಿಯುವ ಮುಂಚೆ ಯಾರ ಅನುಮತಿಯನ್ನೂ ಕೇಳಿರಲಿಲ್ಲ, ಯಾರೂ ಅವರನ್ನು ತಡೆದಿರಲಿಲ್ಲ. ಕೆರೆ, ಕ್ವಾರಿ, ಕಾಲುವೆ, ಹಿನ್ನೀರು ಎಲ್ಲವೂ ಸಾಯುವವರಿಗೆ ಇಪ್ಪತ್ತನಾಲ್ಕು ಗಂಟೆಯೂ ತೆರೆದಿವೆ.

ಈಗ ಇನ್ನೊಬ್ಬನನ್ನು ನೋಡಿ. ತರಬೇತಿ ಪಡೆದಿದ್ದಾನೆ, ಸರ್ಟಿಫಿಕೇಟ್ ಇದೆ, ವಿಮೆ ಇದೆ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು, ಪಕ್ಕದಲ್ಲಿ ಜೊತೆಗಾರ, ದಡದಲ್ಲಿ ಹಗ್ಗ ಹಿಡಿದು ನಿಂತವನೊಬ್ಬ, ಅವನ ಕಾಲ ಬಳಿ ಆಮ್ಲಜನಕದ ಕಿಟ್ಟು. ಇವನು, ‘ಸ್ವಾಮೀ, ಈ ನೀರಿಗೆ ನಲವತ್ತು ನಿಮಿಷ ಇಳಿದು ನೋಡಿ ಮೇಲೆ ಬರುತ್ತೇನೆ, ಅಪ್ಪಣೆ ಕೊಡಿ’ ಎಂದು ಅರ್ಜಿ ಹಾಕುತ್ತಾನೆ. ಆ ಅರ್ಜಿಗೆ ಈ ದೇಶದಲ್ಲಿ ಕಚೇರಿಯಿಲ್ಲ.

ಆ ಇನ್ನೊಬ್ಬ ನಾನೇ. ಹದಿನಾರು ವರ್ಷದಿಂದ ಪುಣೆಯಲ್ಲಿದ್ದೇನೆ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಯಾರಿಂದ ಯಾವ ಅಪ್ರೂವಲ್ ಬರಬೇಕು, ಬರದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂದು ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ಅಂಥವನು ಮೂರು ವರ್ಷದಲ್ಲಿ ಒಂದು ಹಾಳು ಕ್ವಾರಿ, ಒಂದು ಜಲಾಶಯದ ಹಿನ್ನೀರು, ಈ ಎರಡಕ್ಕಾಗಿ ಒಂಬತ್ತು ಪತ್ರ ಬರೆದಿದ್ದೇನೆ. ‘ಆಗಲಿ’ ಎಂದು ಯಾರೂ ಅಂದಿಲ್ಲ. ‘ಆಗದು’ ಎಂದೂ ಯಾರೂ ಬರೆದುಕೊಟ್ಟಿಲ್ಲ. ನನ್ನ ತಕರಾರು ಮೊದಲನೆಯದರ ಬಗ್ಗೆ ಅಲ್ಲ, ಎರಡನೆಯದರ ಬಗ್ಗೆ.

ಸಮುದ್ರ ಇದೆಯಲ್ಲ ಮಾರಾಯ್ರೆ

ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದು. ಮಾಲ್ವಣ ಇದೆ, ಮುರ್ಡೇಶ್ವರದಿಂದ ನೇತ್ರಾಣಿ ಇದೆ, ದುಡ್ಡಿದ್ದರೆ ಅಂಡಮಾನ್ ಇದೆ. ಕೊಚ್ಚೆ ನೀರಿಗೆ ಯಾಕೆ ಇಳಿಯಬೇಕು?

ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಡೈವಿಂಗ್ ನಾಲ್ಕು ತಿಂಗಳು ಬಂದ್. ಕಲಿತ ಕೈ ಆಗಾಗ ಇಳಿಯದಿದ್ದರೆ ಜಡವಾಗುತ್ತದೆ. ಅದಕ್ಕೇ ಹೊರದೇಶಗಳಲ್ಲಿ ಡೈವರುಗಳು ಕಲಿಯುವುದು, ಅಭ್ಯಾಸ ಮಾಡುವುದು ಬಹುಪಾಲು ಸಿಹಿನೀರಿನಲ್ಲೇ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಸ್ಟೋನಿ ಕೋವ್ ಅಂತ ಒಂದು ಜಾಗವಿದೆ. ಕಲ್ಲು ಒಡೆದು ಕೈಬಿಟ್ಟ ಕ್ವಾರಿ, ನೀರು ತುಂಬಿಕೊಂಡಿತು. ಇವತ್ತು ಆ ದೇಶದ ಹೆಸರುವಾಸಿ ಡೈವಿಂಗ್ ತಾಣ, ಆಳ ಸುಮಾರು 36 ಮೀಟರ್. ಉತ್ತರ ಸಮುದ್ರದ ತೈಲಬಾವಿಗಳಲ್ಲಿ ದುಡಿದ ವೃತ್ತಿಪರ ಮುಳುಗುಗಾರರು ಅಲ್ಲಿ ತರಬೇತಿ ಪಡೆದಿದ್ದಾರೆ. ಜರ್ಮನಿಯ ಹೆಮ್ಮೋರ್‌ನಲ್ಲಿ ಸಿಮೆಂಟಿಗಾಗಿ ಸುಣ್ಣಕಲ್ಲು ತೆಗೆದ ಗುಂಡಿಯೇ ಈಗ ಡೈವಿಂಗ್ ಸರೋವರ. ಅಲ್ಲಿಯ ಕ್ವಾರಿಯಂಥದೇ ಕ್ವಾರಿ ನಮ್ಮಲ್ಲಿ ತಾಲ್ಲೂಕಿಗೆ ಹತ್ತು ಸಿಗುತ್ತವೆ. ಅಲ್ಲಿ ಅದು ಶಾಲೆ, ನಮ್ಮಲ್ಲಿ ಸ್ಮಶಾನ.

ಸಿಹಿನೀರಿನ ಡೈವಿಂಗ್ ಅಂದರೆ ಉಪ್ಪಿಲ್ಲದ ಸಮುದ್ರ ಅಂದುಕೊಳ್ಳಬೇಡಿ. ಅದರ ಲೆಕ್ಕವೇ ಬೇರೆ. ಸಿಹಿನೀರು ಸಮುದ್ರದ ನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹಗುರ. ಹಾಗಾಗಿ ಮೈ ತೇಲುವುದು ಕಡಿಮೆ, ಸೊಂಟದ ಸೀಸವನ್ನು ಎರಡು ಕಿಲೋದಷ್ಟು ಇಳಿಸಬೇಕು. ಎರಡನೆಯದು ಎತ್ತರ. ಸಮುದ್ರಮಟ್ಟದಿಂದ 300 ಮೀಟರ್ ದಾಟಿದರೆ ಅದು ಎತ್ತರದ ಡೈವಿಂಗ್, ಕೋಷ್ಟಕ ಬದಲಾಗುತ್ತದೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. 18 ಮೀಟರ್ ಇಳಿದವನು ಕೋಷ್ಟಕದಲ್ಲಿ ಸುಮಾರು 19 ಎಂದು ಹಿಡಿಯಬೇಕು. ಮಾಲ್ವಣದಲ್ಲಿ ಮಧ್ಯಾಹ್ನ ಮುಳುಗಿ ಸಂಜೆಯೇ ಘಾಟಿ ಹತ್ತಿ ಪುಣೆಗೆ ಹೊರಡುವ ನಮ್ಮ ಸಾಫ್ಟ್‌ವೇರ್ ಹುಡುಗರಿಗೆ ಇದೇ ವಿಷಯ ಗೊತ್ತಿರುವುದಿಲ್ಲ. ಕೆಳಗೆ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲೆ ಬಂದಾಗ ಗುಳ್ಳೆಯಾಗಿ ಕೀಲುಗಳಲ್ಲಿ ಕೂರುತ್ತದೆ. ದಖ್ಖನ್ನಿನ ಮೇಲೆ ಬದುಕುವವರಿಗೆ ದಖ್ಖನ್ನಿನ ಮೇಲೆಯೇ ಮುಳುಗುವ ಶಿಸ್ತು ಬೇಕು. ಅದನ್ನು ಕಲಿಯಲು ಜಾಗ ಬೇಕು.

ಜಾಗ ಹುಡುಕುವುದು ಸುಲಭ

ಹೊಸ ಜಾಗ ಹುಡುಕುವುದೇ ಕಷ್ಟ ಎಂದು ಹಲವರ ನಂಬಿಕೆ. ನನ್ನ ಅನುಭವದಲ್ಲಿ ಅದು ಇಡೀ ಕೆಲಸದ ಕಾಲುಭಾಗವೂ ಅಲ್ಲ. ಉಪಗ್ರಹ ಚಿತ್ರದಲ್ಲಿ ಪಟ್ಟಣದ ಸುತ್ತ ನಲವತ್ತು ಕಿಲೋಮೀಟರ್ ನೋಡುತ್ತ ಹೋಗಿ. ಕ್ವಾರಿಯ ಅಂಚು ಚೌಕಚೌಕವಾಗಿ, ಕತ್ತರಿಸಿದ ಹಾಗೆ ಇರುತ್ತದೆ, ಕೆರೆಯ ಅಂಚು ಹಾಗಿರದು. ನೀರಿನ ಬಣ್ಣ ಹಸಿರಾದರೆ ಪಾಚಿ, ಕೆಂಪಾದರೆ ಮಣ್ಣು, ಕಡುನೀಲಿಯಾದರೆ ಒಮ್ಮೆ ಹೋಗಿ ನೋಡಬಹುದು. ಹಳೆಯ ವರ್ಷಗಳ ಚಿತ್ರ ತೆಗೆದರೆ ನೀರು ತುಂಬುವ ಮೊದಲಿನ ತಳವೂ ಕಾಣುತ್ತದೆ. ಎಲ್ಲಿ ಮೆಟ್ಟಿಲು ಬಿಟ್ಟಿದ್ದಾರೆ, ಲಾರಿ ಇಳಿಯುವ ದಾರಿ ಎಲ್ಲಿತ್ತು, ಯಾವ ಗೋಡೆ ಕಡಿದಾಗಿದೆ, ಎಲ್ಲ. ಸರ್ವೆ ಆಫ್ ಇಂಡಿಯಾದ ನಕಾಶೆಗಳು 2017ರಿಂದ ಜಾಲದಲ್ಲಿ ಉಚಿತವಾಗಿ ಸಿಗುತ್ತಿವೆ.

ಆಮೇಲೆ ಕಾಲಿಗೆ ಕೆಲಸ. ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ತಳದಲ್ಲಿ ಏನಿದೆ ನೋಡಬೇಕು. ಕಬ್ಬಿಣದ ಸರಳು, ಪಂಪಿನ ಕೇಬಲ್ಲು, ಹರಿದ ಮೀನುಬಲೆ, ಮುಳುಗಿದ ಜಾಲಿಮರ, ಇವೆಲ್ಲ ಮಳೆಗಾಲ ಕಳೆದ ಮೇಲೆ ಕಾಣದ ಕತ್ತಿಗಳು. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆಯಬೇಕು. ಕಪ್ಪು-ಬಿಳಿ ಬಳಿದ ಒಂದು ತಟ್ಟೆಯನ್ನು ಇಳಿಬಿಟ್ಟು ಅದು ಎಷ್ಟು ಆಳದಲ್ಲಿ ಮರೆಯಾಗುತ್ತದೆ ನೋಡಬೇಕು. ಸೆಕ್ಕಿ ತಟ್ಟೆ ಎನ್ನುವ ಈ ಉಪಾಯ 1865ರದು, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಬಂದಿಲ್ಲ. ನಮ್ಮ ಕಡೆ ಮಳೆಯ ಕೆಸರು ಕೂತ ಮೇಲೆ, ಬಿಸಿಲಿಗೆ ಪಾಚಿ ಏಳುವ ಮುಂಚೆ, ಡಿಸೆಂಬರಿನಿಂದ ಫೆಬ್ರುವರಿಯವರೆಗೆ ನೀರು ತಿಳಿ.

ಎಲ್ಲಕ್ಕಿಂತ ಮುಖ್ಯ, ಅಲ್ಲಿಯವರನ್ನು ಕೇಳುವುದು. ಕುರಿ ಮೇಯಿಸುವ ಅಜ್ಜ, ಬಟ್ಟೆ ಒಗೆಯುವ ಹೆಂಗಸರು, ಮೀನಿನ ಗುತ್ತಿಗೆ ಹಿಡಿದವನು, ಇವರಿಗೆ ಗೊತ್ತಿರುವಷ್ಟು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ನಾನು ಹುಡುಕಿದ ಕ್ವಾರಿಯಲ್ಲಿ ಒಬ್ಬಾಕೆ ಬೆರಳು ತೋರಿಸಿ ಹೇಳಿದಳು: ಆ ಮೂಲೆಗೆ ಹೋಗಬೇಡ, ಕೆಳಗೆ ಕಲ್ಲು ಪೊಳ್ಳಾಗಿದೆ, ನಮ್ಮ ಹುಡುಗ ಅಲ್ಲೇ ಸಿಕ್ಕಿಕೊಂಡಿದ್ದು. ಆ ಹುಡುಗ ಬದುಕಲಿಲ್ಲ. ಅವನು ಹೋದ ಮೇಲೆ ಆ ಜಾಗಕ್ಕೆ ಬಂದದ್ದು ಒಂದು ತಗಡಿನ ಬೋರ್ಡು: ‘ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ.’ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು. ಆ ಬೋರ್ಡಿಗೂ ಈಗ ತುಕ್ಕು.

ಅನುಮತಿಯ ಗಾಣ

ಇನ್ನು ಅನುಮತಿ. ಕ್ವಾರಿ ಇರುವುದು ಸರ್ಕಾರಿ ಗೋಮಾಳದಲ್ಲಿ, ಇಲ್ಲಿಯ ಮಾತಿನಲ್ಲಿ ಗಾಯರಾನ್. ಗುತ್ತಿಗೆ ಮುಗಿದು ವರ್ಷಗಳಾಗಿವೆ. ಗ್ರಾಮ ಪಂಚಾಯಿತಿ ಹೇಳಿತು: ನಮ್ಮದೇನೂ ಅಡ್ಡಿಯಿಲ್ಲ, ತಹಶೀಲ್ದಾರರ ಪತ್ರ ತನ್ನಿ. ತಹಶೀಲ್ದಾರ್ ಕಚೇರಿ: ಗಣಿ ವಿಭಾಗದ ಅಭಿಪ್ರಾಯ ಬೇಕು. ಗಣಿ ವಿಭಾಗ: ಗುತ್ತಿಗೆ ಮುಗಿದಿದೆ, ಜಾಗ ಈಗ ಕಂದಾಯದ್ದು. ಪೊಲೀಸ್ ಠಾಣೆ: ಮೇಲಿನವರ ಆದೇಶವಿದ್ದರೆ ನಿರಾಕ್ಷೇಪಣಾ ಪತ್ರ ಕೊಡುತ್ತೇವೆ. ಮೇಲಿನವರ ಕಚೇರಿ: ಠಾಣೆಯ ನಿರಾಕ್ಷೇಪಣಾ ಪತ್ರ ಲಗತ್ತಿಸಿ. ಎಂಟೆಕ್‌ನಲ್ಲಿ ಇದನ್ನು ಡೆಡ್‌ಲಾಕ್ ಎಂದು ಓದಿದ್ದೆ. ಎರಡು ಪ್ರೋಗ್ರಾಮು ಒಂದರ ಕೈಲಿರುವುದಕ್ಕಾಗಿ ಇನ್ನೊಂದು ಕಾಯುತ್ತ ಕೂರುತ್ತವೆ, ಎರಡೂ ಮುಂದೆ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಅದನ್ನು ದೋಷ ಎನ್ನುತ್ತಾರೆ. ಕಚೇರಿಯಲ್ಲಿ ಅದು ಪದ್ಧತಿ.

ಹಿನ್ನೀರಿನ ಕಥೆ ಇನ್ನೂ ಚೆಂದ. ‘ಏನು ಹುಡುಕುತ್ತೀರಿ, ನಿಧಿಯಾ?’ ಅಂದರು ಒಬ್ಬರು. ನನ್ನ ಆಧಾರ್ ಕಾರ್ಡಿನಲ್ಲಿ ಶಿವಮೊಗ್ಗ ಜಿಲ್ಲೆ ನೋಡಿ ಇನ್ನೊಬ್ಬರು ನಕ್ಕರು: ‘ನೀವು ಕರ್ನಾಟಕದವರು, ನಮ್ಮ ಡ್ಯಾಮಿನ ತಳ ನೋಡಿ ಏನು ಮಾಡುತ್ತೀರಿ?’ ತಮಾಷೆಗೇ ಅಂದದ್ದು. ಆದರೆ ಹೊರನಾಡಿನಲ್ಲಿ ಬದುಕುವ ನಮಗೆಲ್ಲ ಗೊತ್ತು, ಇಂಥ ತಮಾಷೆಯ ಅರ್ಧಭಾಗ ನಗು, ಉಳಿದರ್ಧ ಬೇಲಿ. ಕೃಷ್ಣೆ, ಭೀಮೆ ಎರಡೂ ಇಲ್ಲಿ ಹುಟ್ಟಿ ನಮ್ಮಲ್ಲಿಗೆ ಹರಿಯುತ್ತವೆ. ನೀರು ಗಡಿ ದಾಟಬಹುದು, ನೀರಿನ ಬಗ್ಗೆ ಕುತೂಹಲ ಇರುವವನು ದಾಟಬಾರದು.

ಕೊನೆಗೆ ಮಾಹಿತಿ ಹಕ್ಕಿನಡಿ ಕೇಳಿದೆ: ಈ ಹಿನ್ನೀರಿನಲ್ಲಿ ಮುಳುಗುವುದನ್ನು ಯಾವ ನಿಯಮ ತಡೆಯುತ್ತದೆ? ಉತ್ತರ ಬಂತು: ‘ಸದರಿ ಮಾಹಿತಿ ಈ ಕಚೇರಿಯ ಅಭಿಲೇಖದಲ್ಲಿ ಲಭ್ಯವಿಲ್ಲ.’ ಗಮನಿಸಿ. ನಿಯಮ ಇದೆ ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಇನ್ನೊಂದು ವಿಚಿತ್ರ: 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ತಪ್ಪು ಕಚೇರಿಗೆ ಹೋದರೆ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು. ಅಂದರೆ ನಾನು ಪ್ರಶ್ನೆ ಕೇಳಿದರೆ ಸರಿಯಾದ ಬಾಗಿಲು ಹುಡುಕುವುದು ಸರ್ಕಾರದ ಕೆಲಸ, ಅನುಮತಿ ಕೇಳಿದರೆ ನನ್ನ ಕೆಲಸ. ಯಾಕೆ?

ನೀತಿ ಇಲ್ಲವೆಂದಲ್ಲ. ಮಹಾರಾಷ್ಟ್ರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದಿತು. ಸಾಹಸ ಚಟುವಟಿಕೆ ನಡೆಸುವ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕು. ಒಳ್ಳೆಯದೇ. ಆದರೆ ಅದು ಅಂಗಡಿಗೆ ಲೈಸೆನ್ಸ್ ಕೊಡುವ ಮಾತು. ಹೊಸದೊಂದು ನೀರನ್ನು ಮೊದಲ ಸಲ ಪರೀಕ್ಷಿಸಿ ನೋಡಲು ಬಯಸುವ ನಾಲ್ಕು ಜನರ ಗುಂಪಿಗೆ ಅಲ್ಲಿ ಕಾಲಂ ಇಲ್ಲ. ಸರ್ಕಾರವೇ ಮನಸ್ಸು ಮಾಡಿದರೆ ಎಲ್ಲವೂ ಆಗುತ್ತದೆ. 2024ರಲ್ಲಿ ಸಾತಾರಾ ಜಿಲ್ಲೆಯ ಮುನಾವಳೆಯಲ್ಲಿ, ಕೊಯ್ನಾ ಜಲಾಶಯದ ಹಿನ್ನೀರಿನಲ್ಲೇ, ಜಲಪ್ರವಾಸೋದ್ಯಮ ಕೇಂದ್ರ ಶುರುವಾಯಿತು. ಹಿನ್ನೀರು ಎಂದರೆ ಮುಟ್ಟಬಾರದ ರಹಸ್ಯ ಸ್ಥಳ ಎಂಬ ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಹೆಣ ಎತ್ತುವವರು ಯಾರು?

ಇದು ಬರೀ ನನ್ನ ಹವ್ಯಾಸದ ಪ್ರಶ್ನೆಯಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಕ್ವಾರಿಯಲ್ಲೋ ಡ್ಯಾಮಿನಲ್ಲೋ ಒಬ್ಬ ಮುಳುಗಿದ ಎಂದು ಸುದ್ದಿ ಬಂದಾಗ ಏನಾಗುತ್ತದೆ? ಪೊಲೀಸರು ಬರುತ್ತಾರೆ. ಅಗ್ನಿಶಾಮಕ ದಳ ಗಾಳ ಎಸೆಯುತ್ತದೆ. ಸಿಗದಿದ್ದರೆ ಊರಿನ ಒಬ್ಬನನ್ನು ಕರೆಯುತ್ತಾರೆ. ಬೆಸ್ತರವನೋ, ಬಾವಿ ಕೆಲಸದವನೋ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಉಸಿರು ಹಿಡಿದು, ಏನೂ ಕಾಣದ ನೀರಿನಲ್ಲಿ ಕೈಯಾಡಿಸುತ್ತ ಇಳಿಯುತ್ತಾನೆ. ಕನ್ನಡಕವಿಲ್ಲ, ವಿಮೆಯಿಲ್ಲ, ಸಂಬಳವಿಲ್ಲ. ಹೆಣ ತಂದರೆ ಚಹಾ, ಒಂದಿಷ್ಟು ದುಡ್ಡು, ಮರುದಿನದ ಪತ್ರಿಕೆಯಲ್ಲಿ ‘ಸ್ಥಳೀಯರ ನೆರವಿನಿಂದ’ ಎಂಬ ಎರಡು ಪದ.

2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ? ಕೇರಳದ ಲಾರಿ ಚಾಲಕನೊಬ್ಬ ಲಾರಿ ಸಮೇತ ಗಂಗಾವಳಿಯಲ್ಲಿ ಹೂತುಹೋದ. ಸೇನೆ ಬಂತು, ನೌಕಾಪಡೆ ಬಂತು. ಆದರೆ ಮನೆಮನೆಯಲ್ಲಿ ಹೆಸರು ಕೇಳಿಬಂದದ್ದು ಈಶ್ವರ ಮಲ್ಪೆ ಅವರದು. ಉಡುಪಿಯ ಮಲ್ಪೆಯ ಖಾಸಗಿ ಮುಳುಗುತಜ್ಞ. ಲಾರಿ ಮತ್ತು ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಡ್ಜರ್ ತರಿಸಿದ ಮೇಲೆ. ಆ ಎರಡು ತಿಂಗಳು ನಾವು ಅವರನ್ನು ಟಿವಿಯಲ್ಲಿ ನೋಡಿ ಕೈಮುಗಿದೆವು. ಯಾರೂ ಕೇಳದ ಪ್ರಶ್ನೆ ಇದು: ಇಷ್ಟು ದೊಡ್ಡ ರಾಜ್ಯದಲ್ಲಿ ಅವರಂಥವರು ಜಿಲ್ಲೆಗೆ ಹತ್ತು ಜನ ಯಾಕಿಲ್ಲ?

ಯಾಕೆಂದರೆ ಅವರು ಕಲಿಯಲು ಜಾಗವಿಲ್ಲ. ಅಂಡಮಾನಿನ ಕನ್ನಡಿ ನೀರಿನಲ್ಲಿ ಮೀನು ನೋಡಿ ಕಲಿತ ವಿದ್ಯೆ ಮೊಣಕೈ ಕಾಣದ ಕೆಸರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಗ್ಗದ ಎಳೆತದಲ್ಲೇ ಮಾತಾಡುವುದು, ವೃತ್ತ ಹಾಕಿ ತಡವುತ್ತ ಹುಡುಕುವುದು, ಬಲೆಗೆ ಸಿಕ್ಕರೆ ಗಾಬರಿಯಾಗದೆ ಬಿಡಿಸಿಕೊಳ್ಳುವುದು, ಇವನ್ನು ಅಂಥ ನೀರಿನಲ್ಲೇ, ಅಂಥ ನೀರಿನ ಸುರಕ್ಷಿತ ಮೂಲೆಯಲ್ಲೇ ಕಲಿಯಬೇಕು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 5ನೇ ಬೆಟಾಲಿಯನ್ ಇಲ್ಲೇ ತಳೇಗಾಂವ್ ಹತ್ತಿರದ ಸುದುಂಬರೆಯಲ್ಲಿದೆ. ಒಳ್ಳೆಯ ಪಡೆ. ಆದರೆ ಒಂದು ಬೆಟಾಲಿಯನ್ ಎಷ್ಟು ಜಿಲ್ಲೆಗೆ ಓಡೀತು? ಕಾನೂನುಬದ್ಧವಾಗಿ ಮುಳುಗಲು ಬಿಡದ ದೇಶದಲ್ಲಿ ಮುಳುಗಿದವರನ್ನು ಎತ್ತುವವರು ಹುಟ್ಟುವುದಾದರೂ ಹೇಗೆ?

ಆಕ್ಷೇಪಗಳು, ಒಂದೊಂದಾಗಿ

ಡ್ಯಾಮಿನ ಸುರಕ್ಷತೆ ಎನ್ನುತ್ತಾರೆ. ಒಪ್ಪಿದೆ, ಪೂರ್ತಿ ಒಪ್ಪಿದೆ. ಅಣೆಕಟ್ಟಿನ ಗೋಡೆ, ತೂಬು, ಕೋಡಿ, ವಿದ್ಯುದಾಗಾರಕ್ಕೆ ನೀರು ಎಳೆಯುವ ಬಾಯಿ, ಇವುಗಳ ಹತ್ತಿರ ಯಾವ ಹವ್ಯಾಸಿಯೂ ಸುಳಿಯಬಾರದು. ಕಾರಣ ಭಯೋತ್ಪಾದನೆಯೊಂದೇ ಅಲ್ಲ. 10 ಮೀಟರ್ ಆಳದಲ್ಲಿ ಒಂದಡಿ ಉದ್ದ, ಒಂದಡಿ ಅಗಲದ ಕಿಂಡಿಯ ಆಚೆ ಬರೀ ಗಾಳಿಯಿದ್ದರೆ ಅದಕ್ಕೆ ಅಡ್ಡ ಬಂದ ದೇಹದ ಮೇಲೆ ಬೀಳುವ ಒತ್ತಡ 900 ಕಿಲೋಗೂ ಹೆಚ್ಚು. ಅಲ್ಲಿಂದ ಬಿಡಿಸಿಕೊಂಡು ಬರುವುದು ಸಾಧ್ಯವಿಲ್ಲ. ಆದರೆ ಲಿಂಗನಮಕ್ಕಿಯ ನೀರು ಹರಡಿರುವುದು ಸುಮಾರು ಮುನ್ನೂರು ಚದರ ಕಿಲೋಮೀಟರ್. ಗೋಡೆಯಿಂದ ಮೂವತ್ತು ಕಿಲೋಮೀಟರ್ ದೂರದ ಒಂದು ಕೊಲ್ಲಿಗೂ ಗೋಡೆಯ ಬುಡಕ್ಕೂ ಒಂದೇ ನಿಯಮ ಅಂದರೆ ಅದು ಸುರಕ್ಷತೆಯಲ್ಲ, ಸೋಮಾರಿತನ. ಅದೇ ಹಿನ್ನೀರಿನ ಹೊನ್ನೆಮರಡುವಿನಲ್ಲಿ ವರ್ಷಗಳಿಂದ ದೋಣಿ ನಡೆಸುತ್ತಿದ್ದಾರೆ. ಗೆರೆ ಎಳೆಯಿರಿ, ಇಂತಿಷ್ಟು ದೂರ ನಿಷಿದ್ಧ ಎನ್ನಿ. ಗೆರೆ ದಾಟಿದವನನ್ನು ಜೈಲಿಗೆ ಹಾಕಿ.

ಕುಡಿಯುವ ನೀರು ಎನ್ನುತ್ತಾರೆ. ಊರೊಂದು ನೇರವಾಗಿ ಕುಡಿಯುವ ಕೆರೆಗೆ ನಾನೂ ಇಳಿಯುವುದಿಲ್ಲ, ಇಳಿಯುವವರನ್ನು ತಡೆಯುತ್ತೇನೆ. ಒಂದು ನೀರಿನಲ್ಲಿ ನೆನೆದ ಸಾಮಾನನ್ನು ತೊಳೆದು ಒಣಗಿಸದೆ ಇನ್ನೊಂದು ನೀರಿಗೆ ಇಳಿಸಬಾರದು ಎಂಬ ನಿಯಮವೂ ಬೇಕು. ಪಾಚಿ, ಹುಳು, ಮೊಟ್ಟೆ ಹಾಗೆಯೇ ಹರಡುವುದು. ಆದರೆ ಅದೇ ಜಲಾಶಯಕ್ಕೆ ಮೇಲಿನ ರೆಸಾರ್ಟುಗಳ ಕೊಳಚೆ ಬಂದು ಸೇರುವಾಗ ಮಾತಾಡದವರು ನನ್ನ ರಬ್ಬರ್ ಬೂಟು ನೋಡಿ ಮೂಗು ಮುಚ್ಚಿಕೊಳ್ಳುವುದು ನಾಟಕ.

ಕಾಡು ಎನ್ನುತ್ತಾರೆ. ಇಲ್ಲಿ ನಾನು ಅರಣ್ಯ ಇಲಾಖೆಯ ಪರ. 1972ರ ವನ್ಯಜೀವಿ ಕಾಯ್ದೆಯ 28ನೇ ಕಲಂ ಅಭಯಾರಣ್ಯಕ್ಕೆ ಯಾವ ಉದ್ದೇಶಕ್ಕೆ ಹೋಗಬಹುದು, ಅನುಮತಿ ಕೊಡುವವರು ಯಾರು ಎಂದು ಸ್ಪಷ್ಟವಾಗಿ ಹೇಳುತ್ತದೆ. ಹುಲಿ ಕಾಡಿನ ಒಳಗೆ ‘ಬೇಡ’ ಎಂದರೆ ಬೇಡ. ಸಾಂಗ್ಲಿಯ ಕೃಷ್ಣೆಯಲ್ಲಿ, ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ. ಅವು ಅರ್ಜಿ ಓದುವುದಿಲ್ಲ. ಇಲ್ಲಿ ಕನಿಷ್ಠ ‘ಇಲ್ಲ’ ಎನ್ನುವವರ ಹುದ್ದೆ ಗೊತ್ತಿದೆ. ನಾನು ಕೇಳುತ್ತಿರುವುದು ಅಷ್ಟನ್ನೇ, ಉಳಿದ ನೀರುಗಳಿಗೂ.

ದುಡ್ಡಿದ್ದವರ ಆಟ ಎನ್ನುತ್ತಾರೆ. ಹೌದು, ದುಬಾರಿ. ಒಂದು ಸೆಟ್ ಸಾಮಾನಿನ ಬೆಲೆಗೆ ಒಳ್ಳೆಯ ಬೈಕು ಬರುತ್ತದೆ. ಆದರೆ ಮಾಲ್ವಣದಲ್ಲಿ ಪ್ರವಾಸಿಗರನ್ನು ಕೈಹಿಡಿದು ಇಳಿಸುವ ಹುಡುಗರು ಯಾರು? ಮೀನುಗಾರರ ಮಕ್ಕಳು. ಕ್ವಾರಿಯ ಊರಿನ ಹುಡುಗರಿಗೂ ಆ ದಾರಿ ತೆರೆಯಲಿ. ಜಾಗದ ಶುಲ್ಕ ಪಂಚಾಯಿತಿಗೆ ಹೋಗಲಿ. ಮೊದಲ ತರಬೇತಿ ಆ ಊರಿನ ಇಬ್ಬರಿಗೆ ಪುಕ್ಕಟೆ ಕೊಡುವುದು ಷರತ್ತಾಗಲಿ.

ಮುಳುಗಡೆಯವರ ಅಪ್ಪಣೆ

ಯಾವ ಕಚೇರಿಯೂ ಎತ್ತದ ಒಂದು ಆಕ್ಷೇಪವಿದೆ. ಅದನ್ನು ನಾನೇ ಎತ್ತುತ್ತೇನೆ, ಏಕೆಂದರೆ ನಾನು ಸಾಗರದ ಕಡೆಯವನು. ನಮ್ಮಜ್ಜಿಯ ತವರು ಶರಾವತಿಯ ಕೆಳಗಿದೆ. ನಮ್ಮಲ್ಲಿ ‘ಮುಳುಗಡೆ’ ಎಂದರೆ ಒಂದು ಕ್ರಿಯೆಯಲ್ಲ, ಒಂದು ಜಾತಿಯ ಹಾಗೆ: ‘ಅವರು ಮುಳುಗಡೆಯವರು.’ ಲಿಂಗನಮಕ್ಕಿಯ 1819 ಅಡಿ ಎಂಬ ಸಂಖ್ಯೆ ಮಲೆನಾಡಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬರುತ್ತದೆ. ನೀರು ಇಳಿದ ವರ್ಷ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕೂರುತ್ತದೆ, ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ, ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು, ಸೂಪಾದ ಹಳೇ ಊರು, ಇಲ್ಲಿ ಉಜನಿ ಹಿನ್ನೀರಿನ ಪಳಸದೇವ, ಎಲ್ಲವೂ ಇದೇ ಕಥೆ. ಮುಳಶಿಯಲ್ಲಿ ಅಣೆಕಟ್ಟಿನ ವಿರುದ್ಧ ಸೇನಾಪತಿ ಬಾಪಟ್ ಸತ್ಯಾಗ್ರಹಕ್ಕೆ ಕೂತು ನೂರು ವರ್ಷ ದಾಟಿತು.

ಡೈವರುಗಳ ಕಣ್ಣಿಗೆ ಇವೆಲ್ಲ ‘ಸೈಟ್’. ಮುಳುಗಿದ ದೇವಸ್ಥಾನ, ಮುಳುಗಿದ ಊರು, ಫೋಟೋಗೆ ಇದಕ್ಕಿಂತ ಏನು ಬೇಕು? ನನಗೆ ಇದನ್ನು ಕೇಳಿದಾಗ ಸಿಟ್ಟು ಬರುತ್ತದೆ. ಅದು ಯಾರದೋ ಅಡುಗೆಮನೆ. ಶರಾವತಿಯಲ್ಲಿ ಊರು ಬಿಟ್ಟವರ ಎಷ್ಟೋ ಮನೆತನಗಳು ಕೊಟ್ಟ ಜಾಗಕ್ಕೆ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷದ ನಂತರವೂ ಹೋರಾಡುತ್ತಿವೆ. ಅವರಿಗೆ ಕಾಗದ ಕೊಡದ ಸರ್ಕಾರ ನನಗೆ ಮುಳುಗುವ ಕಾಗದ ಕೊಟ್ಟರೆ ಅದನ್ನು ನಾನು ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ? ಮುಳುಗಿದ ಊರಿಗೆ ಇಳಿಯುವ ಮುನ್ನ ಆ ಊರಿನವರನ್ನು, ಅವರ ಮಕ್ಕಳನ್ನು ಕೇಳಬೇಕು. ಅವರು ಬೇಡವೆಂದರೆ ಜಿಲ್ಲಾಧಿಕಾರಿ ಸಹಿ ಹಾಕಿದರೂ ಇಳಿಯಬಾರದು. ಬೇಕು ಎಂದವರಿಗೆ ಅವರ ಮನೆಯ ಹೊಸಿಲು ಈಗ ಹೇಗಿದೆ ಎಂದು ಚಿತ್ರ ತಂದು ತೋರಿಸುವುದು ನಮ್ಮ ಕರ್ತವ್ಯ. ಅನುಮತಿ ಎಂದರೆ ಮೊಹರಲ್ಲ. ಆ ನೀರಿಗೆ ಏನನ್ನೋ ತೆತ್ತವರ ಮಾತು ಅದು.

ನಮ್ಮವರಿಗೂ ಎರಡು ಮಾತು

ಸರ್ಕಾರವನ್ನು ಬೈದು ಮುಗಿಸಿದರೆ ಅರ್ಧ ಸತ್ಯವಾದೀತು. ನನ್ನ ಬಳಗದಲ್ಲೇ ‘ಯಾರನ್ನೂ ಕೇಳಬೇಡ, ಬುಧವಾರ ಬೆಳಗ್ಗೆ ಐದಕ್ಕೆ ಹೋಗಿ ಏಳಕ್ಕೆ ವಾಪಸ್ ಬಾ, ಜಾಗದ ಹೆಸರು ಮಾತ್ರ ಹಾಕಬೇಡ’ ಎನ್ನುವವರಿದ್ದಾರೆ. ನಮ್ಮ ಐಟಿ ಜಗತ್ತಿನಲ್ಲಿ ಇದಕ್ಕೆ ಜಾಣತನವೆಂಬ ಹೆಸರೂ ಇದೆ: ಅನುಮತಿ ಕೇಳುವುದಕ್ಕಿಂತ ಆಮೇಲೆ ಕ್ಷಮೆ ಕೇಳುವುದು ಸುಲಭವಂತೆ. ಸಾಫ್ಟ್‌ವೇರಿನಲ್ಲಿ ಇರಬಹುದು, ಹಳೆಯ ವರ್ಷನ್‌ಗೆ ಹಿಂದಿರುಗಬಹುದು. ನೀರಿನಲ್ಲಿ ಹಿಂದಿರುಗುವ ವರ್ಷನ್ ಇಲ್ಲ. ನೀನು ಅಲ್ಲಿ ಸಿಕ್ಕಿಕೊಂಡರೆ ನಿನ್ನನ್ನು ಎತ್ತಲು ಉಸಿರು ಹಿಡಿದು ಇಳಿಯುವವನು ಅದೇ ಬೆಸ್ತರ ಹುಡುಗ. ಮರುದಿನ ಆ ನೀರಿಗೊಂದು ತಗಡಿನ ಬೋರ್ಡು. ಕದ್ದು ಇಳಿಯುವವನು ತನ್ನೊಬ್ಬನ ಜೀವ ಪಣಕ್ಕಿಡುವುದಿಲ್ಲ, ಮುಂದೆ ಕೇಳುವ ಎಲ್ಲರ ಬಾಗಿಲನ್ನೂ ಮುಚ್ಚುತ್ತಾನೆ.

2024ರ ಜೂನ್ 30ರಂದು ಲೋಣಾವಳದ ಭೂಶಿ ಡ್ಯಾಮಿನ ಹಿಂದಿನ ಝರಿಯಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಬೆನ್ನಿಗೇ ಜಿಲ್ಲೆಯ ಪ್ರವಾಸಿ ತಾಣಗಳ ಮೇಲೆ ನಿರ್ಬಂಧದ ಆದೇಶ ಬಂತು. ಆ ಗಾಬರಿಯಲ್ಲಿ ಅದು ಸಹಜವೇ. ಆದರೆ ಗಾಬರಿ ನೀತಿಯಾಗಬಾರದು. ಸಾವು ಬಂದಾಗ ನಿಷೇಧ, ಮರೆತಾಗ ಮೌನ, ಈ ಎರಡರ ನಡುವೆ ನಿಯಮ ಎಂಬ ಮೂರನೆಯದೊಂದಿದೆ.

ಬೇಡಿಕೆ ಇಷ್ಟೇ

ಒಂದು: ಜಿಲ್ಲೆಗೆ ಒಂದು ಕಚೇರಿ, ಒಂದು ಹುದ್ದೆ. ಅರ್ಜಿ ಅಲ್ಲಿ ಕೊಟ್ಟರೆ ಗಣಿ, ನೀರಾವರಿ, ಅರಣ್ಯ, ಪೊಲೀಸ್ ಅಭಿಪ್ರಾಯಗಳನ್ನು ಅವರೇ ತರಿಸಿಕೊಳ್ಳಬೇಕು.

ಎರಡು: ಕಾಲಮಿತಿ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ, ಮಹಾರಾಷ್ಟ್ರದಲ್ಲಿ 2015ರ ಲೋಕಸೇವಾ ಹಕ್ಕಿನ ಕಾಯ್ದೆ ಇದೆ. ಜಾತಿ ಪ್ರಮಾಣಪತ್ರಕ್ಕೆ ಇರುವ ದಿನಗಳ ಲೆಕ್ಕ ಈ ಅರ್ಜಿಗೂ ಇರಲಿ.

ಮೂರು: ಷರತ್ತುಗಳು ಕಠಿಣವಾಗಿರಲಿ. ಅಂಗೀಕೃತ ತರಬೇತಿ, ಜೋಡಿ ಇಲ್ಲದೆ ಇಳಿಯುವಂತಿಲ್ಲ, ದಡದಲ್ಲಿ ಕಾವಲು, ಆಮ್ಲಜನಕ, ಹೊಸಬರಿಗೆ 18 ಮೀಟರ್ ಮಿತಿ. ಒತ್ತಡದ ಕೋಣೆಯಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಹೇಗೆ ಮುಟ್ಟಿಸುತ್ತೀರಿ ಎಂಬ ಬರಹ. ಮೇಲೆ ಬಂದ ಮೇಲೆ ಆಳ, ತಳ, ಅಪಾಯ, ಮೀನು, ಕಸ ಎಲ್ಲದರ ವರದಿ ಪಂಚಾಯಿತಿಗೂ ಠಾಣೆಗೂ ಕಡ್ಡಾಯ. ನಾಳೆ ಅಲ್ಲಿ ಯಾರಾದರೂ ಮುಳುಗಿದರೆ ಮೊದಲು ತೆರೆಯಬೇಕಾದ ಕಾಗದ ಅದು.

ನಾಲ್ಕು: ಜಿಲ್ಲೆಗೊಂದು ಹಾಳು ಕ್ವಾರಿಯನ್ನು ಆರಿಸಿ, ಸ್ವಚ್ಛ ಮಾಡಿ, ಬೇಲಿ ಹಾಕಿ ತರಬೇತಿಯ ತಾಣ ಮಾಡಿ. ಅಗ್ನಿಶಾಮಕದವರು, ಬೆಸ್ತರ ಹುಡುಗರು, ಹವ್ಯಾಸಿಗಳು ಒಂದೇ ನೀರಿನಲ್ಲಿ ಕಲಿಯಲಿ. ಕೈಬಿಟ್ಟ ಕ್ವಾರಿಗೆ ಬೇಲಿ ಹಾಕಬೇಕೆಂದು ಗಣಿ ನಿಯಮಗಳು ಹೇಗೂ ಹೇಳುತ್ತವೆ.

ಈ ಪತ್ರಿಕೆ ಓದುವ ನೀವು ಒಂದೊಂದು ಊರಿನಲ್ಲಿದ್ದೀರಿ. ಹೈದರಾಬಾದಿನ ಸುತ್ತ ಗ್ರಾನೈಟ್ ಗುಂಡಿಗಳಿವೆ. ಚೆನ್ನೈಗೆ ಬರ ಬಂದಾಗ 2017ರಲ್ಲಿ ನಗರಕ್ಕೆ ನೀರು ಕೊಟ್ಟವುಗಳಲ್ಲಿ ಸಿಕ್ಕರಾಯಪುರಂನ ಕ್ವಾರಿಗಳೂ ಇದ್ದವು. ದೆಹಲಿಯ ಅಂಚಿನಲ್ಲಿ ಭಾಟಿಯ ಹಳೇ ಗಣಿಗಳಲ್ಲಿ ಸರೋವರಗಳಿವೆ, ನವಿ ಮುಂಬಯಿಯ ಗುಡ್ಡಗಳಲ್ಲಿ ಕ್ವಾರಿಗಳಿವೆ. ಡೈವಿಂಗ್ ಬೇಡ, ನೀರಿಗೆ ಕಾಲೂ ಇಡಬೇಡಿ. ಒಂದು ಪತ್ರ ಬರೆಯಿರಿ, ಆ ಊರಿನ ಭಾಷೆಯಲ್ಲೇ: ನಮ್ಮ ಹತ್ತಿರದ ಈ ನೀರಿಗೆ ಯಾರು ಹೊಣೆ? ಹೊರಗಿನವರು ನಾವು ಯಾಕೆ ಕೇಳಬೇಕು ಎನ್ನಬೇಡಿ. ಆ ನೀರಿನಲ್ಲಿ ಮುಳುಗುವ ಕೂಲಿಯವರ ಮಕ್ಕಳೂ ಬಹುಪಾಲು ಹೊರಗಿನವರೇ, ಎಷ್ಟೋ ಸಲ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರೇ.

ಅಧಿಕಾರಿಗಳಿಗೆ ನನ್ನ ಕೊನೆಯ ಮಾತು ಸಣ್ಣದು. ‘ಇಲ್ಲ’ ಎನ್ನಿ, ಬೇಸರವಿಲ್ಲ. ಆದರೆ ಯಾಕೆ ಎಂದು ಬರೆದು, ಕೆಳಗೆ ಸಹಿ ಹಾಕಿ ಕೊಡಿ. ಸಹಿ ಇರುವ ‘ಇಲ್ಲ’ದ ಜೊತೆ ವಾದಿಸಬಹುದು, ಮೇಲ್ಮನವಿ ಹೋಗಬಹುದು, ಒಂದು ದಿನ ಅದನ್ನು ‘ಹೌದು’ ಮಾಡಬಹುದು. ಸಹಿಯಿಲ್ಲದ ಮೌನದ ಜೊತೆ ಏನೂ ಮಾಡಲಾಗದು. ಮಕ್ಕಳು ಮುಳುಗುತ್ತಿರುವುದು ಆ ಮೌನದಲ್ಲಿ.